ಮನೆಯ ಕಾಂಕ್ರೀಟೂ ಊರ ಗುತ್ತಿಗೆದಾರನೂ

ಮಳೆಗಾಲವು ಹಿಂದೆ ಸರಿದೊಡನೆ ನಮ್ಮ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಎತ್ತ ನೋಡಿದರತ್ತ ಖಡಿಯ ಗುಡ್ಡೆಗಳೂ ಉಸುಕಿನ ರಾಶಿಗಳೂ ಕಾಣತೊಡಗುವವು. ಗುಮಾಸ್ತರು, ಶಿಕ್ಷಕರು, ವರ್ತಕರು, ನಿವೃತ್ತ ಅಧಿಕಾರಿಗಳು ತಮ್ಮ ಜೀವಮಾನದ ಉಳಿತಾಯಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ ಮನೆ ಕಟ್ಟಲು ಕೈಹಾಕುವ ಕಾಲವಿದು. ಇಷ್ಟು ದೊಡ್ಡ ವ್ಯವಹಾರಕ್ಕೆ ತೊಡಗುವ ಗೃಹಸ್ಥನು ಗುತ್ತಿಗೆದಾರನನ್ನು ಕಂಡೊಡನೆ ಕೇಳುವ ಮೊದಲನೆಯ ಪ್ರಶ್ನೆ ಯಾವದು? “ಚದರಡಿಗೆ ಎಷ್ಟು?” ಎಂಬದು. ಬಹಳ ಸಲ ಕೊನೆಯ ಪ್ರಶ್ನೆಯೂ ಅದೇ ಆಗಿರುವದು. ನಾಲ್ವರನ್ನು ವಿಚಾರಿಸಿ, ಎಲ್ಲರಿಗಿಂತ ಕಡಿಮೆ ಹೇಳಿದವನ ಕೈಗೆ ಮುಂಗಡವನ್ನಿತ್ತು, ಗುದ್ದಲಿಪೂಜೆಯನ್ನು ನೆರವೇರಿಸಿದರೆ ಮಾತುಕತೆ ಮುಗಿಯಿತು. ಕರಾರುಪತ್ರವಿಲ್ಲ, ನಕ್ಷೆಯಿದ್ದರೂ ಅದನ್ನು ನೋಡುವವರಿಲ್ಲ. ಈ ಪದ್ಧತಿಯು ಬದಲಾಗದ ಹೊರತು ನಮ್ಮ ಮನೆಗಳಿಗೆ ಭದ್ರತೆಯಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಕಾಂಕ್ರೀಟು ಪೇಟೆಯ ಉಳಿದ ಸರಕುಗಳಂಥದಲ್ಲ. ಬಾಗಿಲು ಸರಿಬಾರದಿದ್ದರೆ ಬದಲಿಸಬಹುದು. ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಆದರೆ ಒಮ್ಮೆ ಎರೆದ ಕಂಬವನ್ನಾಗಲಿ ಸ್ಲ್ಯಾಬನ್ನಾಗಲಿ ಹಿಂದಕ್ಕೆ ಪಡೆಯುವಂತಿಲ್ಲ. ಅದರ ಗುಣವು ಕಣ್ಣಿಗೆ ಕಾಣುವಂಥದೂ ಅಲ್ಲ. ಗಿಲಾಯಿ ಬಳಿದ ಮೇಲೆ ಒಳ್ಳೆಯ ಕಂಬಕ್ಕೂ ಕೆಟ್ಟ ಕಂಬಕ್ಕೂ ಮೇಲ್ನೋಟಕ್ಕೆ ಭೇದವೇ ಇರದು. ಕಬ್ಬಿಣ ಹೆಣೆದ ಕಾಂಕ್ರೀಟು ಎಂ-೨೦ ಎಂಬ ದರ್ಜೆಗಿಂತ ಕೆಳಗಿರಬಾರದೆಂದು ಭಾರತೀಯ ಮಾನಕ ಬ್ಯೂರೋ ೨೦೦೦ನೆಯ ಇಸವಿಯಲ್ಲಿ ಹೊರಡಿಸಿದ ಐ.ಎಸ್. ೪೫೬ ಎಂಬ ಸಂಹಿತೆಯು ವಿಧಿಸಿರುವದು. ಆ ದರ್ಜೆಯ ಸಾಮಾನ್ಯ ಮಿಶ್ರಣದಲ್ಲಿ ೫೦ ಕಿಲೋ ಸಿಮೆಂಟಿನ ಚೀಲವೊಂದಕ್ಕೆ ೩೦ ಲೀಟರಿಗೆ ಮೀರಿ ನೀರು ಕೂಡದು; ಉಸುಕು ಹಸಿಯಾಗಿದ್ದರೆ ಅದಕ್ಕಿಂತಲೂ ಕಡಿಮೆ. ಆದರೆ ಕೆಲಸದ ಸ್ಥಳದಲ್ಲಿ ನಡೆಯುವದೇನು? ಮಿಶ್ರಣವು ಸುಲಭವಾಗಿ ಹರಿದು ಬೇಗನೆ ಹರಡಲೆಂದು ಕೊಳವೆಯಿಂದ ಮನಬಂದಂತೆ ನೀರು ಬಿಡುವರು. ಹೆಚ್ಚಿನ ನೀರು ಆವಿಯಾಗಿ ಹೋದ ಜಾಗದಲ್ಲಿ ಸೂಕ್ಷ್ಮವಾದ ರಂಧ್ರಗಳುಳಿದು ಕಾಂಕ್ರೀಟಿನ ಶಕ್ತಿ ಕುಂದುವದು. ಅವೇ ರಂಧ್ರಗಳಿಂದ ತೇವವು ಒಳಹೊಕ್ಕು ಸರಳುಗಳಿಗೆ ತುಕ್ಕು ಹಿಡಿಯುವದು. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುವದು. ಗೃಹಪ್ರವೇಶದ ದಿನ ಇದಾವದೂ ಕಾಣದು. ಕೆಲವು ವರುಷಗಳ ಮೇಲೆ ಮಾಳಿಗೆಯ ಅಡಿಯಿಂದ ಹೆಕ್ಕಳಿಕೆಗಳು ಬೀಳತೊಡಗಿದಾಗ ಮನೆಯವನ ಕಣ್ಣು ತೆರೆಯುವದು. ಅಷ್ಟರಲ್ಲಿ ಗುತ್ತಿಗೆದಾರನೆಲ್ಲಿ, ಕರಾರೆಲ್ಲಿ?

ಹಾಗಾದರೆ ಅತಿ ಕಡಿಮೆ ದರವು ಹುಟ್ಟುವದೆಲ್ಲಿಂದ? ಸಿಮೆಂಟಿನ ಬೆಲೆ, ಕಬ್ಬಿಣದ ಬೆಲೆ, ಕೂಲಿಯ ದರ ಇವು ಊರಿನ ಎಲ್ಲ ಗುತ್ತಿಗೆದಾರರಿಗೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಒಬ್ಬನು ಇತರರಿಗಿಂತ ಬಹಳ ಅಗ್ಗವಾಗಿ ಕಟ್ಟಿಕೊಡುವೆನೆಂದರೆ ಅವನು ಯಾವುದಾದರೊಂದನ್ನು ಬಿಡಲೇಬೇಕು. ಬಿಡುವದು ಕಣ್ಣಿಗೆ ಕಾಣದ್ದನ್ನೇ. ಸರಳಿನ ಕೆಳಗೆ ಅಚ್ಚುಗಳನ್ನಿಟ್ಟು ಸ್ಲ್ಯಾಬಿನಲ್ಲಿ ೨೦ ಮಿಲಿಮೀಟರು, ಕಂಬದಲ್ಲಿ ೪೦ ಮಿಲಿಮೀಟರು ಕಾಂಕ್ರೀಟಿನ ಹೊದಿಕೆಯನ್ನು ಬಿಡಬೇಕು. ಅವನ ಸ್ಲ್ಯಾಬಿನಲ್ಲಿ ಸರಳು ಹಲಗೆಯ ಮೇಲೆಯೇ ಮಲಗಿರುವದು. ಸಾದಾ ಸಿಮೆಂಟಾದರೆ ಕನಿಷ್ಠ ೭ ದಿನ, ಬಿಸಿಲೂ ಒಣಹವೆಯೂ ಇದ್ದಲ್ಲಿ ಅಥವಾ ಹಾರುಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ ೧೦ ದಿನ ಕಾಂಕ್ರೀಟಿಗೆ ನೀರುಣಿಸಬೇಕು. ಅವನ ಆಳು ಮೂರನೆಯ ದಿನಕ್ಕೇ ಮುಂದಿನ ಕೆಲಸಕ್ಕೆ ಹೋಗಿರುವನು. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿಗೆ ಕೊಟ್ಟ ಆಸರೆಗಂಬಗಳನ್ನು ೭ ದಿನಕ್ಕೆ ಮೊದಲೂ ಅದಕ್ಕಿಂತ ಅಗಲವಾದುದಕ್ಕೆ ಕೊಟ್ಟವುಗಳನ್ನು ೧೪ ದಿನಕ್ಕೆ ಮೊದಲೂ ತೆಗೆಯಬಾರದು. ಆದರೆ ಸೆಂಟರಿಂಗಿನ ಸಾಮಾನುಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆ ತೆರುವವನಿಗೆ ಒಂದೊಂದು ದಿನವೂ ಭಾರವೇ. ಹೀಗೆ ದರದಲ್ಲಿ ಗೆದ್ದೆನೆಂದು ಹಿಗ್ಗುವ ಗೃಹಸ್ಥನು ತನ್ನ ಮನೆಯ ಆಯುಷ್ಯವನ್ನೇ ಮಾರಿಕೊಂಡಂತಾಗುವದು.

ಇದು ಹಣದ ಮಾತಷ್ಟೇ ಅಲ್ಲ, ಜೀವದ ಮಾತೂ ಅಹುದು. ೨೦೦೧ನೆಯ ಜನವರಿ ೨೬ರಂದು ಕಚ್ಛದಲ್ಲಾದ ಭೂಕಂಪದಿಂದ, ಭುಜದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರವಿರುವ ಅಹಮದಾಬಾದಿನಲ್ಲಿ ಕೂಡ ಅನೇಕ ಕಾಂಕ್ರೀಟು ಕಟ್ಟಡಗಳು ಉರುಳಿದವು. ಅವುಗಳ ಪಕ್ಕದಲ್ಲಿಯೇ ಸರಿಯಾಗಿ ಕಟ್ಟಿದವು ನಿಂತವು. ನಮ್ಮ ಧಾರವಾಡದಲ್ಲಿಯೇ ೨೦೧೯ನೆಯ ಮಾರ್ಚ್ ೧೯ರಂದು ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹು ಅಂತಸ್ತಿನ ಕಟ್ಟಡವು ಕುಸಿದು ೧೯ ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಯಾರ ಅಪರಾಧವೆಷ್ಟೆಂದು ನಿರ್ಣಯಿಸುವದು ನ್ಯಾಯಾಲಯದ ಕೆಲಸ. ಭೂಕಂಪವಿಲ್ಲದೆಯೂ ಕಾಂಕ್ರೀಟಿನ ಕಟ್ಟಡವು ಕುಸಿಯಬಲ್ಲದೆಂಬ ಪಾಠವಂತೂ ನಮ್ಮ ನಾಡಿನವರಿಗೆ ಸಾಕಷ್ಟು ಹತ್ತಿರದಿಂದಲೇ ದೊರೆತಿರುವದು.

ಇದನ್ನೆಲ್ಲ ಕೇಳಿದ ಕೆಲವರು ಊರವರ ಸಹವಾಸವೇ ಬೇಡವೆಂದೂ ದೊಡ್ಡ ನಗರದ ಕಂಪನಿಗೆ ಕೆಲಸವನ್ನೊಪ್ಪಿಸಿ ನಿಶ್ಚಿಂತರಾಗಬೇಕೆಂದೂ ಹೇಳುವರು. ನಾವು ಈ ಮಾತನ್ನು ಒಪ್ಪೆವು. ಹೊರಗಿನ ಕಂಪನಿಯೂ ಕೊನೆಗೆ ಇದೇ ಊರಿನ ಗೌಂಡಿಗಳಿಗೆ ಒಳಗುತ್ತಿಗೆ ಕೊಟ್ಟು ಮಾಡಿಸುವದು ಸಾಮಾನ್ಯ. ನಡುವೆ ಒಂದು ಲಾಭವು ಹೆಚ್ಚಾಗುವದಷ್ಟೆ. ಊರ ಗುತ್ತಿಗೆದಾರನಾದರೋ ನಾಳೆಯೂ ಇದೇ ಊರಲ್ಲಿ ಬಾಳತಕ್ಕವನು. ಸೋರಿದ ಮಾಳಿಗೆಯ ಸುದ್ದಿ ಸಂತೆಯಲ್ಲಿ ತನಗಿಂತ ಮೊದಲು ನಡೆಯುವದೆಂಬ ಅರಿವು ಅವನಿಗುಂಟು. ಧಾರವಾಡ, ಗದಗ, ವಿಜಯಪುರ ಪ್ರಾಂತಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಬಗೆಯನ್ನು ಅಲ್ಲಿಯೇ ಬುನಾದಿ ತೋಡಿ ಬೆಳೆದವನು ಬಲ್ಲನು. ಆದುದರಿಂದ ಊರವನನ್ನೇ ಹಿಡಿಯಬೇಕು; ಆದರೆ ಪರೀಕ್ಷಿಸಿ ಹಿಡಿಯಬೇಕು.

ಪರೀಕ್ಷೆಯ ಬಗೆಯು ಕಠಿಣವಾದುದೇನಲ್ಲ. ಅವನು ನಿನ್ನೆ ಮುಗಿಸಿದ ಮನೆಯನ್ನು ನೋಡಿ ಫಲವಿಲ್ಲ; ಮೂರುನಾಲ್ಕು ಮಳೆಗಾಲಗಳನ್ನು ಕಂಡ ಮನೆಗಳನ್ನು ನೋಡಬೇಕು. ಮಾಳಿಗೆಯ ಅಡಿಯನ್ನೂ ಬಚ್ಚಲಿನ ಮೂಲೆಯನ್ನೂ ಸಜ್ಜಾಗಳ ಅಂಚನ್ನೂ ಪರೀಕ್ಷಿಸಬೇಕು. ದೋಷವನ್ನು ತೋರಿಸಿದಾಗ ಅವನು ತಿರುಗಿ ಬಂದನೇ ಎಂದು ಆ ಮನೆಯವರನ್ನು ಕೇಳಬೇಕು. ಈಗ ನಡೆದಿರುವ ಅವನ ಕೆಲಸದ ಸ್ಥಳಕ್ಕೆ ಹೇಳದೆ ಹೋಗಿ, ನೀರನ್ನು ಅಳೆದು ಹಾಕುವರೋ, ವೈಬ್ರೇಟರು ಓಡುತ್ತಿರುವದೋ, ಇಂಜಿನಿಯರರ ನಕ್ಷೆಯು ಅಲ್ಲಿರುವದೋ ನೋಡಬೇಕು.

ಎರಡನೆಯದು ಕರಾರುಪತ್ರ. ೧೮೭೨ರ ಕರಾರು ಕಾಯಿದೆಯ ಮೇರೆಗೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ ಅಹುದು. ಆದರೆ ಅದನ್ನು ಸಾಬೀತು ಮಾಡುವದು ದುಸ್ತರ. ಮಾಲುಸಹಿತದ ಗುತ್ತಿಗೆಯೋ ಬರಿಯ ಕೂಲಿಯ ಗುತ್ತಿಗೆಯೋ, ಕಾಂಕ್ರೀಟಿನ ದರ್ಜೆ ಯಾವದು, ನೀರುಣಿಸುವವರು ಯಾರು ಮತ್ತು ಎಷ್ಟು ದಿನ, ಸೆಂಟರಿಂಗು ತೆಗೆಯಲು ಯಾರ ಅನುಮತಿ ಬೇಕು, ಕೆಲಸಗಾರನಿಗೆ ಅಪಘಾತವಾದರೆ ಹೊಣೆ ಯಾರದು, ಸೋರಿಕೆಯನ್ನು ಎಷ್ಟು ಕಾಲ ದುರಸ್ತಿ ಮಾಡಿಕೊಡಬೇಕು ಎಂಬಿಷ್ಟನ್ನಾದರೂ ಕನ್ನಡದಲ್ಲಿ ಬರೆದು ಉಭಯತರು ಸಹಿ ಮಾಡತಕ್ಕದ್ದು. ಹಣವು ತಾರೀಖಿನ ಮೇಲೆ ಸಲ್ಲದೆ ಬುನಾದಿ, ಕಂಬ, ಸ್ಲ್ಯಾಬು ಎಂಬ ಹಂತಗಳ ಮೇಲೆ ಸಲ್ಲಬೇಕು. ಕೊನೆಯ ಕಂತಿನ ಒಂದಂಶವು ಒಂದು ಮಳೆಗಾಲ ಕಳೆಯುವವರೆಗೆ ಉಳಿದಿರಬೇಕು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮನೆ ಕಟ್ಟುವ ಕೆಲಸವನ್ನೂ ಸೇವೆಯೆಂದೇ ಗಣಿಸಿರುವದು. ಆದರೆ ಕೈಯಲ್ಲಿ ಪತ್ರವಿಲ್ಲದವನು ಜಿಲ್ಲಾ ಆಯೋಗದ ಮುಂದೆ ಏನನ್ನು ಇಡಬಲ್ಲನು?

ಬರೆಸಿಕೊಳ್ಳುವದೆಂದರೆ ಅಪನಂಬಿಕೆಯಲ್ಲವೇ ಎಂದು ಸಂಕೋಚಪಡುವವರು ಬಹಳ. ಮಗಳ ಮದುವೆಯ ಒಡವೆಗೆ ಅಕ್ಕಸಾಲಿಗನಿಂದ ತೂಕದ ಚೀಟಿ ಪಡೆಯುವ ನಾವು ಅದಕ್ಕಿಂತ ಹಲವು ಪಾಲು ಹೆಚ್ಚಿನ ವೆಚ್ಚದ ಮನೆಗೆ ಚೀಟಿ ಕೇಳಲು ಏಕೆ ಹಿಂಜರಿಯಬೇಕು? ಅದಲ್ಲದೆ ಪತ್ರವು ಗುತ್ತಿಗೆದಾರನನ್ನೂ ಕಾಯುವದು. ನಡುವೆ ಗೋಡೆ ಸರಿಸೆಂದು, ಮೇಲೊಂದು ಕೋಣೆ ಏರಿಸೆಂದು ಹೇಳಿ, ಕೊನೆಗೆ ಮೊದಲಿನ ದರಕ್ಕೇ ಲೆಕ್ಕ ತೀರಿಸೆನ್ನುವ ಗೃಹಸ್ಥರು ನಮ್ಮಲ್ಲಿ ಕಡಿಮೆಯಿಲ್ಲ. ಇಂಜಿನಿಯರರ ಶುಲ್ಕವನ್ನು ಉಳಿಸಿ, ನೀರಿನ ಟ್ಯಾಂಕರಿಗೆ ಹಣ ಕೊಡಲು ಗೊಣಗಿ, ಕಂತನ್ನು ತಿಂಗಳುಗಟ್ಟಲೆ ತಡೆದು, ಆಮೇಲೆ ಗೌಂಡಿಯು ಕೆಲಸ ಕೆಡಿಸಿದನೆಂದು ದೂರುವದು ನ್ಯಾಯವಲ್ಲ. ಕಾಂಕ್ರೀಟು ಹಾಕುವ ದಿನ ಮನೆಯವನೂ ಇಂಜಿನಿಯರರೂ ಸ್ಥಳದಲ್ಲಿರಬೇಕು. ಅಂದು ಹದಿನೈದು ಸೆಂಟಿಮೀಟರಿನ ಘನಗಳನ್ನು ಎರೆದಿಟ್ಟು ೨೮ನೆಯ ದಿನ ಪರೀಕ್ಷೆಗೆ ಕಳಿಸಬೇಕು. ಇಡಿಯ ಮನೆಯ ವೆಚ್ಚದೆದುರು ಇದರ ವೆಚ್ಚವು ಅತ್ಯಲ್ಪ.

ಪಾಲಿಕೆ ಮತ್ತು ಪುರಸಭೆಗಳ ಅಧಿಕಾರಿಗಳಿಗೂ ಒಂದು ಮಾತು. ಪರವಾನಿಗೆಯ ಕಾಗದದ ಜೊತೆಗೆ ಒಂದು ಮಾದರಿ ಕರಾರುಪತ್ರವನ್ನು ಸುಲಭವಾದ ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡುವದು ಅವರಿಗೆ ಭಾರವಾಗದು. ಕಟ್ಟಡ ಕಾರ್ಮಿಕರ ಹಿತಕ್ಕಾಗಿ ಉಪಕರವು ವಸೂಲಾಗುತ್ತಿರುವದು; ಆ ನಿಧಿಯ ಒಂದಂಶದಿಂದ ಊರೂರಿನ ಗೌಂಡಿಗಳಿಗೂ ಸರಳು ಕಟ್ಟುವವರಿಗೂ ಶಿಕ್ಷಣವು ನಿಜವಾಗಿ ತಲುಪುವಂತೆ ಮಾಡಿದರೆ ಕಾರ್ಮಿಕನ ಪಗಾರವೂ ಮನೆಗಳ ಭದ್ರತೆಯೂ ಒಟ್ಟಿಗೆ ಹೆಚ್ಚುವವು. ಈ ವರುಷ ಬುನಾದಿ ತೋಡುವವರು ದರವನ್ನು ಕೇಳುವ ಮೊದಲು ಕೆಲಸವನ್ನು ಕೇಳಲಿ, ಮುಂಗಡ ಕೊಡುವ ಮೊದಲು ಕರಾರನ್ನು ಬರೆಯಲಿ ಎಂದು ನಾವು ಒತ್ತಾಯಪೂರ್ವಕವಾಗಿ ಸೂಚಿಸುತ್ತೇವೆ.