ಹತ್ತಿರದ ಹೊಳೆ, ಪರವೂರಿನ ನಾವು

ನಮ್ಮ ಬಂಧುಗಳ ಮನೆಯ ಹುಡುಗನೊಬ್ಬ ಕಂಪೆನಿಯ ಕೆಲಸದ ಮೇಲೆ ಬ್ರೆಝಿಲ್‌ಗೆ ಹೊರಟಾಗ ಮನೆಯಲ್ಲಿ ವಾರವಿಡೀ ಅದೇ ಮಾತು. "ರಾತ್ರಿ ಒಬ್ಬನೇ ತಿರುಗಬೇಡ ಬೇಟಾ, ಪಾಸ್‌ಪೋರ್ಟ್‌ನ ಝೆರಾಕ್ಸ್ ಬೇರೆ ಚೀಲದಲ್ಲಿಡು, ದಾರಿಯಲ್ಲಿ ಮೊಬೈಲ್ ಹೊರಗೆ ತೆಗೆಯಬೇಡ" ಎಂದು ತಾಯಿ ಹೇಳಿದ್ದೇ ಹೇಳಿದ್ದು. ಅವನು ಕ್ಷೇಮವಾಗಿ ಹೋಗಿ ಬಂದ. ಅದೇ ಕುಟುಂಬ ಈದ್‌ನ ಮರುದಿನ ಟೆಂಪೋ ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟಿತು. ಗುಂಬಝ್ ನೋಡಿಕೊಂಡು ಸಂಗಮಕ್ಕೆ ಹೋದರು. ಬಿರಿಯಾನಿಯ ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ ಮಕ್ಕಳು ನೀರಿನಲ್ಲಿದ್ದರು. ತಡೆಯಹೋದ ನನಗೆ ಆ ತಾಯಿ, "ಇದು ನಮ್ಮ ಕಾವೇರಿಯೇ ಅಲ್ಲವೇ ಭಾಯಿ?" ಎಂದರು.

ದೂರದ ದೇಶಕ್ಕೆ ಹೋಗುವವನಿಗೆ ನೂರು ಎಚ್ಚರಿಕೆ ಹೇಳುವ ನಾವು, ಊರ ಪಕ್ಕದ ಹೊಳೆಗೆ ಇಳಿಯುವಾಗ ಒಂದನ್ನೂ ಹೇಳುವುದಿಲ್ಲ. ವಸ್ತುತಃ ಮನೆಯಿಂದ ಹತ್ತು ಮೈಲಿ ದಾಟಿದರೂ ನಾವು ಪ್ರವಾಸಿಗಳೇ. ಅಲ್ಲಿನ ಕಲ್ಲು, ಗುಂಡಿ, ಸುಳಿ ಯಾವುದೂ ನಮಗೆ ಗೊತ್ತಿಲ್ಲ.

ಇದನ್ನು ಬರೆಯುವ ನಾನೂ ಈ ತಪ್ಪು ಮಾಡಿದವನೇ. ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಕರಿಘಟ್ಟಕ್ಕೆ ಕರೆದೊಯ್ದಿದ್ದೆ. ಬೆಟ್ಟದ ಮೇಲೆ ನಿಂತು, ಲೋಕಪಾವನಿ ಬಂದು ಕಾವೇರಿಯನ್ನು ಸೇರುವುದನ್ನು ತೋರಿಸಿ ಭೂಗೋಳದ ಪಾಠ ಮಾಡಿದೆ. ಮೇಲಿನಿಂದ ನೋಡಿದರೆ ಹೊಳೆ ಅಲುಗಾಡದ ಕನ್ನಡಿಯಂತೆ ಕಾಣುತ್ತದೆ. ಇಳಿದು ಬಂದ ಮೇಲೆ ಮಕ್ಕಳು ನೀರಿಗಾಗಿ ಹಠ ಹಿಡಿದರು. ಆಕಾಶ ಶುಭ್ರವಾಗಿತ್ತು, ನೀರು ಮೊಣಕಾಲಿನಷ್ಟೇ ಇತ್ತು. ಒಪ್ಪಿದೆ. ಸ್ವಲ್ಪ ಹೊತ್ತಿನಲ್ಲೇ ಹರಿಗೋಲಿನವರೊಬ್ಬರು ದೂರದಿಂದಲೇ ಕೂಗಿದರು: "ಮೇಷ್ಟ್ರೇ, ನೀರು ಏರ್ತಾ ಐತೆ, ಮಕ್ಳನ್ನ ಮೇಲಕ್ಕೆ ಹತ್ತಿಸ್ಬುಡಿ!" ಎಲ್ಲರನ್ನೂ ದಡಕ್ಕೆ ತಂದು ತಿರುಗಿ ನೋಡಿದರೆ, ನಾವು ಚಪ್ಪಲಿ ಬಿಟ್ಟಿದ್ದ ಬಂಡೆಯೇ ಕಾಣಲಿಲ್ಲ. ಎಣಿಸಿದೆ, ಒಬ್ಬ ಕಡಿಮೆ. ಅವನು ಆಗಲೇ ಬಸ್ಸಿಗೆ ಹೋಗಿ ಮಲಗಿದ್ದ. ಅದು ತಿಳಿಯುವವರೆಗಿನ ಆ ಎರಡು ನಿಮಿಷಗಳನ್ನು ನಾನು ಇಂದಿಗೂ ಮರೆತಿಲ್ಲ.

ಮಳೆಯೇ ಇಲ್ಲದೆ ನೀರು ಏರುವುದು ಹೇಗೆ? ಇಲ್ಲಿನ ಕಾವೇರಿಯ ಮೇಲೆ ಕನ್ನಂಬಾಡಿ ಕಟ್ಟೆಯಿದೆ. ಮಳೆ ಬೀಳುವುದು ಕೊಡಗಿನಲ್ಲಿ. ಜಲಾಶಯ 124.80 ಅಡಿಯ ಗರಿಷ್ಠ ಮಟ್ಟ ಸಮೀಪಿಸಿ ಒಳಹರಿವು ಹೆಚ್ಚಿದರೆ ನೀರನ್ನು ಹೊಳೆಗೆ ಬಿಡುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 2019 ಮತ್ತು 2024ರ ಆಗಸ್ಟ್‌ನಲ್ಲಿ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಲಾಗಿತ್ತು. ಅಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗಿಂತ ಹೆಚ್ಚು! ಅಂತಹ ದಿನಗಳಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಸ್ವಲ್ಪ ನೀರು ಬಿಟ್ಟ ದಿನ ಯಾರೂ ಎಚ್ಚರವಾಗಿರುವುದಿಲ್ಲ. ಸಾಲದ್ದಕ್ಕೆ ಪಾಚಿ ಕಟ್ಟಿದ ಬಂಡೆಗಳು, ನೀರಿನಡಿಯ ಗುಂಡಿಗಳು ಬೇರೆ. ಮೇಲಿನ ರಂಗನತಿಟ್ಟಿನಲ್ಲಂತೂ ಮೊಸಳೆಗಳೂ ಇವೆ.

2024ರ ಜೂನ್ 30ರಂದು ಲೋನಾವಳದ ಭುಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀರಿನ ನಡುವೆ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ನಿಂತಿದ್ದ ಅವರ ದೃಶ್ಯವನ್ನು ದೇಶವೇ ನೋಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನ ಪಾಲಾದರು. ಅಂದು ಮನೆಯಿಂದ ಹೊರಟಾಗ ಇವರೆಲ್ಲರೂ ನಮ್ಮ ಮಕ್ಕಳಂತೆಯೇ ಸಂತೋಷದಲ್ಲಿದ್ದರು.

ಹಾಗಾದರೆ ಪ್ರವಾಸವನ್ನೇ ಬಿಡಬೇಕೇ? ಖಂಡಿತ ಬೇಡ. ಹಿಂದೆ ನಮ್ಮ ಹಿರಿಯರು ಸಫರ್‌ಗೆ ಹೊರಡುವಾಗ ತಮ್ಮಲ್ಲೊಬ್ಬರನ್ನು ಅಮೀರ್ ಮಾಡಿಕೊಳ್ಳುತ್ತಿದ್ದರು. ಆ ಪದ್ಧತಿಯನ್ನು ಕುಟುಂಬದ ಪ್ರವಾಸಕ್ಕೂ ತನ್ನಿ. ಅವರು ಬೇಡವೆಂದರೆ ಬೇಡ. ಮಕ್ಕಳನ್ನು ಎಣಿಸುವುದು ಅವರದೇ ಕೆಲಸ. ಹೊಳೆಗೆ ಹೋದ ಕೂಡಲೇ ಹರಿಗೋಲಿನವರನ್ನೋ ಅಂಗಡಿಯವರನ್ನೋ ಕೇಳಿ: "ಇಲ್ಲಿ ಇಳಿಯಬಹುದೇ? ಇಂದು ನೀರು ಬಿಟ್ಟಿದ್ದಾರೆಯೇ?" ಎಚ್ಚರಿಕೆಯ ಫಲಕವಿದ್ದರೆ ವಾದ ಬೇಡ. ಹರಿಗೋಲು ಹತ್ತುವುದಾದರೆ ಮೊದಲು ಲೈಫ್ ಜಾಕೆಟ್ ಕೇಳಿ. ಇಲ್ಲವೆಂದರೆ ಮರಳಿ ಬನ್ನಿ. ಊಟದ ಗಡಿಬಿಡಿಯಲ್ಲಿ, ಫೋಟೋ ತೆಗೆಯುವ ಹೊತ್ತಿನಲ್ಲಿ ಮಕ್ಕಳು ಕಣ್ತಪ್ಪುತ್ತಾರೆ ಎಂಬುದನ್ನು ತಾಯಂದಿರು ನೆನಪಿಡಬೇಕು. ಬೆಟ್ಟವನ್ನು ಕತ್ತಲಾಗುವ ಮೊದಲೇ ಇಳಿದುಬಿಡಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಧುಮುಕಬೇಡಿ. ಒಂದು ಜೀವದ ಜೊತೆ ಇನ್ನೊಂದು ಹೋಗುತ್ತದೆ. ಕೂಗಿ ಜನರನ್ನು ಸೇರಿಸಿ. ಹಗ್ಗ, ದುಪ್ಪಟ್ಟ, ಗಾಳಿ ತುಂಬಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. 112ಕ್ಕೆ ಕರೆ ಮಾಡಿ. ಮೇಲೆತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಯುವುದು, ಹಿಡಿದು ತಿರುಗಿಸುವುದು ತಪ್ಪು. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತಲು ತೊಡಗಬೇಕು. ಪ್ರತಿ ಮನೆಯಲ್ಲೂ ಒಬ್ಬರು ಇದನ್ನು ಕಲಿತಿರಲಿ.

ಅಂದು ಕೂಗಿದ ಆ ಹರಿಗೋಲಿನವರ ಹೆಸರನ್ನು ನಾನು ಕೇಳಲಿಲ್ಲ. ನೀರಿಗಿಳಿಯುವ ಮೊದಲು ಅವರ ಬಳಿ ಒಂದು ಮಾತು ಕೇಳಿದ್ದರೆ, ಅವರು ಕೂಗುವ ಅಗತ್ಯವೇ ಇರಲಿಲ್ಲ.