ತಿಪಟೂರು ಕೊಬ್ಬರಿಯ ಹೆಸರಿಗೆ ಹೊರದೇಶಗಳಲ್ಲೂ ಕಾನೂನಿನ ರಕ್ಷಣೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ನಿರ್ದೇಶಕರು,
ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ, ಬೆಂಗಳೂರು.
(ಜಂಟಿ ನಿರ್ದೇಶಕರು, ಜಿಲ್ಲಾ ಕೈಗಾರಿಕಾ ಕೇಂದ್ರ, ತುಮಕೂರು ಇವರ ಮೂಲಕ)

ಇವರಿಂದ,
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರು ಮತ್ತು ಕಿರು ಉದ್ದಿಮೆದಾರರು.

ವಿಷಯ: ತೆಂಗಿನ ಉತ್ಪನ್ನಗಳ ರಫ್ತಿಗೆ ಮುನ್ನ ಟ್ರೇಡ್‌ಮಾರ್ಕ್ ಮತ್ತು ಪೇಟೆಂಟ್ ರಕ್ಷಣೆ ಒದಗಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ವಿನಂತಿಸುವುದೇನೆಂದರೆ, ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಕಾಯ್ದು ತೆಗೆಯುವ ಉಂಡೆ ಕೊಬ್ಬರಿಯಿಂದ ತಿಪಟೂರು ಮಾರುಕಟ್ಟೆ ದೇಶಕ್ಕೆಲ್ಲ ಪರಿಚಿತ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 12,100 ರೂ. ಬೆಂಬಲ ಬೆಲೆ ಘೋಷಿಸಿತ್ತು. ದರಕ್ಕೆ ಅಷ್ಟಾದರೂ ಆಸರೆ ಉಂಟು. ಹೊರದೇಶದಲ್ಲಿ ನಮ್ಮ ಹೆಸರಿಗೆ ಆಸರೆಯಾಗುವುದು ಅಲ್ಲಿನ ನೋಂದಣಿ ಮಾತ್ರ.

ಭಾರತದಲ್ಲಿ ಪಡೆದ ಟ್ರೇಡ್‌ಮಾರ್ಕ್, ಪೇಟೆಂಟ್, ಭೌಗೋಳಿಕ ಸೂಚಕ ಯಾವುದೂ ಗಡಿಯಾಚೆ ತಾನಾಗಿ ಅನ್ವಯಿಸುವುದಿಲ್ಲ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳೂ ಪಾಲುದಾರರಾಗಿರುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಆದರೂ 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಪಾದರಕ್ಷೆಯನ್ನು ಮೂಲ ಹೇಳದೆ ಮಿಲಾನ್‌ನಲ್ಲಿ ಪ್ರದರ್ಶಿಸಿತು. ಆಕ್ಷೇಪ ಎದ್ದ ಮೇಲಷ್ಟೇ ಮೂಲವನ್ನು ಒಪ್ಪಿತು. ಅರಿಶಿನದ ಗಾಯ ಮಾಯಿಸುವ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ನೀಡಿದ್ದ ಪೇಟೆಂಟನ್ನು 1997ರಲ್ಲಿ ರದ್ದುಪಡಿಸಲು ನೆರವಾದದ್ದು ನಮ್ಮ ಹಳೆಯ ಲಿಖಿತ ದಾಖಲೆಗಳು. ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ಮುಂದಿಡುತ್ತಿದ್ದೇವೆ.

1. ಉಂಡೆ ಕೊಬ್ಬರಿ, ಕೊಬ್ಬರಿ ಪುಡಿ, ಕೊಬ್ಬರಿ ಎಣ್ಣೆಗೆ ಬೆಳೆಗಾರರ ಒಡೆತನದ ಸಾಮೂಹಿಕ ಟ್ರೇಡ್‌ಮಾರ್ಕ್ ನೋಂದಾಯಿಸಲು ನೆರವಾಗಬೇಕು. ಅದು ಯಾವೊಬ್ಬ ವ್ಯಾಪಾರಿಯ ಸ್ವತ್ತೂ ಆಗಕೂಡದು.

2. ಭಾರತ 2013ರಲ್ಲಿ ಸೇರಿದ ಮ್ಯಾಡ್ರಿಡ್ ವ್ಯವಸ್ಥೆಯಡಿ ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ರಕ್ಷಣೆ ಕೋರಬಹುದು. ಸಂಯುಕ್ತ ಅರಬ್ ಸಂಸ್ಥಾನವೂ ಅಮೆರಿಕವೂ ಅದರಲ್ಲಿವೆ. ಸಣ್ಣ ಉದ್ದಿಮೆದಾರರ ಅರ್ಜಿ ಶುಲ್ಕ ಮತ್ತು ವಕೀಲರ ವೆಚ್ಚವನ್ನು ಇಲಾಖೆ ಭರಿಸಬೇಕು.

3. ತಿಪಟೂರು ಎತ್ತರದ ತಳಿ, ಮಣ್ಣು, ಅಟ್ಟದಲ್ಲಿ ಒಣಗಿಸುವ ಕ್ರಮ ಇವನ್ನು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ಸಹಾಯದಿಂದ ಬರಹದಲ್ಲಿ ದಾಖಲಿಸಬೇಕು. ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕಾಯ್ದೆಯಲ್ಲಿ ಅವಕಾಶವಿಲ್ಲ. ಅದನ್ನು ನಾವು ಕೇಳುತ್ತಲೂ ಇಲ್ಲ. ಅನ್ಯರು ಅದನ್ನು ತಮ್ಮದೆಂದು ಬರೆಸಿಕೊಳ್ಳದಂತೆ ತಡೆಯಲು ದಾಖಲೆ ಬೇಕು.

4. ಕಾಯಿ ಸುಲಿಯುವ, ಒಣಗಿಸುವ ಹೊಸ ಯಂತ್ರ ರೂಪಿಸಿದವರಿಗೆ ತಾಲ್ಲೂಕು ಮಟ್ಟದಲ್ಲೇ ಪೇಟೆಂಟ್ ಸಲಹೆ ಸಿಗಬೇಕು. ಅರ್ಜಿಗೆ ಮುನ್ನ ಮೇಳಗಳಲ್ಲಿ ಯಂತ್ರ ತೋರಿಸಿದರೆ ಹೊಸತನದ ಹಕ್ಕೇ ಹೋಗಬಹುದು. ಇಲ್ಲಿ ಅರ್ಜಿ ಹಾಕಿದ 12 ತಿಂಗಳೊಳಗೆ ಹೊರದೇಶಕ್ಕೂ ಅರ್ಜಿ ಸಲ್ಲಿಸದಿದ್ದರೆ ಮೊದಲ ದಿನಾಂಕದ ಆದ್ಯತೆ ತಪ್ಪುತ್ತದೆ. ಈ ತಿಳಿವಳಿಕೆ ಕನ್ನಡದಲ್ಲೇ ತಲುಪಬೇಕು.

5. ನಮ್ಮ ಹೆಸರಿನಲ್ಲಿ ಹೊರದೇಶಗಳಲ್ಲಿ ಸಲ್ಲಿಕೆಯಾಗುವ ಟ್ರೇಡ್‌ಮಾರ್ಕ್ ಅರ್ಜಿಗಳ ಮೇಲೆ ನಿಗಾ ಇಟ್ಟು, ಅವಧಿಯೊಳಗೆ ತಕರಾರು ಸಲ್ಲಿಸಬೇಕು.

ಮರ ಹತ್ತುವವರಿಂದ ಹಿಡಿದು ಕೊಬ್ಬರಿ ಹೆರೆಯುವ ಹೆಣ್ಣುಮಕ್ಕಳವರೆಗೆ ಎಲ್ಲರ ಅನ್ನ ಈ ಹೆಸರಿನಲ್ಲಿದೆ. ತಾವು ತಿಪಟೂರಿನಲ್ಲಿ ಬೆಳೆಗಾರರ ಸಭೆ ಕರೆದು, ಮೇಲಿನ ಬೇಡಿಕೆಗಳ ಬಗ್ಗೆ ಕಾಲಮಿತಿಯ ಲಿಖಿತ ಆದೇಶ ಹೊರಡಿಸಬೇಕೆಂದು ಕಳಕಳಿಯಿಂದ ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
ಮೂರು ತಾಲ್ಲೂಕುಗಳ ಬೆಳೆಗಾರರು ಮತ್ತು ಉದ್ದಿಮೆದಾರರು

ಸ್ಥಳ: ತಿಪಟೂರು
ಪ್ರತಿ: ತೆಂಗು ಅಭಿವೃದ್ಧಿ ಮಂಡಳಿ, ಪ್ರಾದೇಶಿಕ ಕಚೇರಿ, ಬೆಂಗಳೂರು.