ಶುದ್ಧ ದನಿಯೆಂಬ ಮಡಿ

ಜಾನಪದ, ಸ್ಥಳೀಯ ಇತಿಹಾಸ, ಭಾಷಾವಿಜ್ಞಾನ ಓದುವ ನಮ್ಮಲ್ಲಿ ಒಂದು ಅಭ್ಯಾಸ ಬೆಳೆಯುತ್ತಿದೆ. ಕ್ಷೇತ್ರಕಾರ್ಯಕ್ಕೆಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿ ಬರುತ್ತೇವೆ. ಅದನ್ನು ಸಾಕ್ಷ್ಯಚಿತ್ರವೋ ಪಾಡ್‌ಕಾಸ್ಟೋ ಮಾಡುವಾಗ ಮಾತ್ರ ಸ್ಟುಡಿಯೊದ ವೃತ್ತಿಪರ ಕಂಠವನ್ನು ಹುಡುಕುತ್ತೇವೆ. ಅಜ್ಜಿ ಬಾಯಿ ತೆರೆದ ಮೂರನೇ ಸೆಕೆಂಡಿಗೆ ಆಕೆಯ ದನಿ ತಗ್ಗುತ್ತದೆ, ಅದರ ಮೇಲೆ ತಿದ್ದಿ ತೀಡಿದ ಇನ್ನೊಂದು ದನಿ ಏರಿ ಕೂರುತ್ತದೆ. ಕೇಳಿದರೆ ‘ಕ್ವಾಲಿಟಿ’ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೊಂದಿದೆ: ಮಡಿ.

ಕನ್ನಡಕ್ಕೇ ಕನ್ನಡದ ಡಬ್ಬಿಂಗ್ ಯಾಕೆ ಬೇಕು? ಈ ಸೀಮೆಯಲ್ಲಿ ಹಾಲು ‘ಆಲು’, ಹಳ್ಳಿ ‘ಅಳ್ಳಿ’, ಶಿವ ‘ಸಿವ’, ಬರುತ್ತೇನೆ ಎಂಬುದು ‘ಬತ್ತೀನಿ’. ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆದದ್ದನ್ನು ಭಾಷಾ ಚರಿತ್ರೆಯೆಂದು ಓದಿ ಪರೀಕ್ಷೆ ಬರೆಯುತ್ತೇವೆ. ಅದೇ ದಾರಿಯ ಮುಂದಿನ ಹೆಜ್ಜೆಯಾದ ‘ಆಲು’ ಕಿವಿಗೆ ಬಿದ್ದರೆ ಉಚ್ಚಾರ ದೋಷ! ಸತ್ತವರು ಬದಲಿಸಿದರೆ ವ್ಯಾಕರಣ, ಬದುಕಿರುವವರು ಬದಲಿಸಿದರೆ ತಪ್ಪು.

ಈ ನಾಲ್ಕೂ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸು ಕೂಲಿಯ ಬಗ್ಗೆ ಹೇಳುವಾಗ ಯಾವ ವಾಕ್ಯವನ್ನು ಅರ್ಧಕ್ಕೆ ನುಂಗಿದಳು? ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬ ಹಿರಿಯರು ತಮ್ಮ ಹಾಡಿಯ ಹೆಸರು ಹೇಳಿ ಎಷ್ಟು ಹೊತ್ತು ಸುಮ್ಮನಾದರು? ವೃತ್ತಿಪರರು ಅಲ್ಪವಿರಾಮ ನೋಡಿ ನಿಲ್ಲಿಸುತ್ತಾರೆ. ಇವರು ನೆನಪು ಬಂದಲ್ಲಿ ನಿಲ್ಲಿಸುತ್ತಾರೆ. ಎರಡನೆಯದನ್ನು ಅಳಿಸಿ ಮೊದಲನೆಯದನ್ನು ಇಟ್ಟರೆ ಸಂಶೋಧನೆಯ ಆಕರವೇ ಹೋಯಿತು.

‘ಆದರೆ ಗದ್ದಲ ಬರುತ್ತೆ, ಮಾತು ಸ್ಪಷ್ಟ ಇರಲ್ಲ’ ಎಂಬುದು ಎದುರು ವಾದ. ಇದಕ್ಕೆ ಪರಿಹಾರ ಬೇರೆಯವರ ಗಂಟಲಲ್ಲಿಲ್ಲ, ನಮ್ಮ ಶ್ರದ್ಧೆಯಲ್ಲಿದೆ. ಫ್ಯಾನ್ ಆರಿಸಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿಡಿ. ತಗಡಿನ ಸೂರಿನ ಮನೆಯಾದರೆ ಗೋಡೆಗೊಂದು ಕಂಬಳಿ ತೂಗುಹಾಕಿ. ಎಂಪಿ3 ಬಿಟ್ಟು ವೇವ್ ಫೈಲಿನಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ದಾಖಲಿಸಿ. ಅರ್ಧ ನಿಮಿಷ ಆ ಜಾಗದ ಬರೀ ಮೌನವನ್ನೂ ಹಿಡಿದಿಟ್ಟುಕೊಳ್ಳಿ, ಸಂಕಲನದಲ್ಲಿ ಬೇಕಾಗುತ್ತದೆ. ಆಮೇಲೂ ಅರ್ಥವಾಗದ ಮಾತಿದ್ದರೆ ಪರದೆಯ ಕೆಳಗೆ ಅಕ್ಷರ ಹಾಕಿ. ನಿರೂಪಣೆಯ ಮಾತು ನಿಮ್ಮದಾದರೆ ನೀವೇ ಓದಿ. ಅದು ನಡುಗಿದರೂ ಆ ಮಾತಿಗೆ ಜವಾಬ್ದಾರರು ಯಾರೆಂದು ಕೇಳುವವರಿಗೆ ಗೊತ್ತಾಗುತ್ತದೆ.

ಮೈಸೂರು ಸೀಮೆಗೆ ಇದು ಹೊಸ ಪಾಠವೂ ಅಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ರೇಡಿಯೊ ಪ್ರಸಾರ ಶುರು ಮಾಡಿದ್ದು ತಮ್ಮ ಮನೆಯಿಂದಲೇ. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಸರಗೂರಿನ ‘ಜನಧ್ವನಿ’ ಸಮುದಾಯ ರೇಡಿಯೊ 2012ರಿಂದ ಕೋಟೆ ಸೀಮೆಯ ಜನರ ಮಾತನ್ನೇ ಬಿತ್ತರಿಸುತ್ತಿದೆ. ಸಮುದಾಯ ರೇಡಿಯೊದ ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇ. 50ರಷ್ಟು ಸ್ಥಳೀಯರ ಭಾಗವಹಿಸುವಿಕೆಯಿಂದ ಆಗಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಸರ್ಕಾರಕ್ಕೆ ಹೊಳೆದದ್ದು ವಿಶ್ವವಿದ್ಯಾನಿಲಯದ ನಮಗೆ ಹೊಳೆಯಬಾರದೆ?

ವೃತ್ತಿಪರ ಕಂಠವನ್ನು ನಾನು ಹಳಿಯುತ್ತಿಲ್ಲ. ಹತ್ತು ಗಂಟೆಯ ಕಾದಂಬರಿಯನ್ನು ಉಸಿರು ತಪ್ಪದೆ ಓದುವುದು, ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಪಠ್ಯವನ್ನು ತಿಳಿಯಾಗಿ ಮುಟ್ಟಿಸುವುದು ದೊಡ್ಡ ವಿದ್ಯೆ. ಅಂಥ ಕೆಲಸಕ್ಕೆ ಅವರನ್ನೇ ಕರೆಯಬೇಕು, ಸರಿಯಾದ ಸಂಭಾವನೆಯನ್ನೂ ಕೊಡಬೇಕು. ತನ್ನ ದನಿ ಊರಿಗೆಲ್ಲ ಕೇಳಿಸುವುದು ಬೇಡ ಎಂದು ಹೇಳಿದವರ ಮಾತಿಗೆ ಬೇರೆ ದನಿ ಹೊದಿಸುವುದೂ ನ್ಯಾಯವೇ. ತೀರ್ಮಾನ ಅವರದು, ನಮ್ಮ ಸಂಕಲನಕಾರರದ್ದಲ್ಲ.

ಇಲ್ಲಿ ದುಡ್ಡಿನ ಮಾತೂ ಇದೆ. ಸ್ಟುಡಿಯೊದ ಕಂಠಕ್ಕೆ ನಿಮಿಷದ ಲೆಕ್ಕದಲ್ಲಿ ಕೊಡುತ್ತೇವೆ. ಒಂದು ದಿನದ ಕೂಲಿ ಬಿಟ್ಟು ನಮ್ಮೆದುರು ಕೂತವರಿಗೆ ಒಂದು ಟೀ, ಒಂದು ಸೆಲ್ಫಿ. ಅವರದೇ ದನಿ ಬಳಸಿ, ‘ಸಹಜವಾಗಿದೆ’ ಎಂದು ಹೊಗಳಿ, ಬಿಟ್ಟಿಯಾಗಿ ಪಡೆದರೆ ಅದೂ ದೋಚುವುದೇ. ಮುಂದಿನ ಪ್ರಾಜೆಕ್ಟಿನ ಖರ್ಚಿನ ಪಟ್ಟಿ ಬರೆಯುವಾಗ ‘ಧ್ವನಿ’ ಎಂಬ ಸಾಲಿನ ಮುಂದೆ ಆಕೆಯ ಹೆಸರು ಬರೆಯಿರಿ, ಅದರ ಮುಂದೆ ಮೊತ್ತವನ್ನೂ ಬರೆಯಿರಿ.